ಹದಿನಾಲ್ಕನೇ ಹಾಸಿಗೆಯ ವಾಸನೆ

ಹನ್ನೊಂದು ವರ್ಷದ ಹಿಂದೆ ತೀರಿಕೊಂಡಿದ್ದ ಗಂಡ ಒಂದು ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಮನೆಯಿಲ್ಲದವರ ತಂಗುದಾಣದ ಬಾಗಿಲಲ್ಲಿ ಹರಿದ ಚಪ್ಪಲಿ ಬಿಟ್ಟು ಒಳಗೆ ಬಂದ. ದೇವೀರಮ್ಮ ಆಗ ಮೂಗಿನ ಹತ್ತಿರ ಒಂದು ಸೀಸೆ ಹಿಡಿದುಕೊಂಡು ನಿಂತಿದ್ದಳು. ಸೀಸೆ ಕೈಜಾರಿ ಬೀಳಲಿಲ್ಲ, ಅವಳ ಕೈ ಅಂಥ ಕೈಯಲ್ಲ. ಮುಚ್ಚಳ ಬಿಗಿದು, ಸೀಸೆಯನ್ನು ಅದರ ಜಾಗದಲ್ಲಿಟ್ಟು, ಆಮೇಲೆ ಕಪಾಟಿನ ಮರೆಗೆ ಸರಿದಳು.

ಸತ್ತವನು ನಡೆದುಬಂದನೆಂದ ಮಾತ್ರಕ್ಕೆ ಇದು ದೆವ್ವದ ಕಥೆಯೆಂದು ತಿಳಿಯಬೇಡಿ. ಬೆಟ್ಟಸ್ವಾಮಿ ಸತ್ತೇ ಇರಲಿಲ್ಲ. ಕುಡಿದು ಕುಡಿದು ಮನೆ ಬಿಟ್ಟು ಹೋದವನು ಎರಡು ವರ್ಷವಾದರೂ ಬರಲಿಲ್ಲ. ಹದಿಮೂರು ವರ್ಷದ ಮಗಳು ರೂಪಶ್ರೀ ಸ್ಕೂಲಿನಿಂದ ಬಂದವಳು ದಿನವೂ ಹೊಸಿಲ ಮೇಲೆ ಕೂತು ದಾರಿ ನೋಡುತ್ತಿದ್ದಳು. ಅದನ್ನು ನೋಡಲಾರದೆ ದೇವೀರಮ್ಮ ಒಂದು ಸಂಜೆ, "ನಿಮ್ಮಪ್ಪ ಬೆಂಗಳೂರಲ್ಲಿ ಬಸ್ಸಿಗೆ ಸಿಕ್ಕಿ ಹೋಗ್ಬುಟ್ರಂತೆ ಕಣಮ್ಮ" ಎಂದುಬಿಟ್ಟಳು. ಆ ಒಂದು ಮಾತು ಬಾಯಿಂದ ಬಿದ್ದ ಮೇಲೆ ಮಿಕ್ಕದ್ದೆಲ್ಲ ತಾನಾಗಿಯೇ ಹಿಂದೆ ಬಂತು. ಕುಂಕುಮ ಹೋಯಿತು, ಗೋಡೆಗೆ ಹಾರ ಹಾಕಿದ ಫೋಟೋ ಬಂತು, ಮಹಾಲಯ ಅಮಾವಾಸ್ಯೆಗೆ ಹಿರಿಯರ ಸಾಲಿನಲ್ಲಿ ಅವನ ಹೆಸರಿಗೂ ಎಡೆ ಇಡುವುದು ರೂಢಿಯಾಯಿತು. ಇಂಥ ಸುಳ್ಳನ್ನು ವಾಪಸು ತೆಗೆದುಕೊಳ್ಳುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಧೈರ್ಯವೂ ಇರಲಿಲ್ಲವೆಂದೇ ಹೇಳಬೇಕು.

ಅವಳು ಈ ತಂಗುದಾಣಕ್ಕೆ ಕೆಲಸಕ್ಕೆ ಬಂದದ್ದು ಮೂಗಿನ ದೆಸೆಯಿಂದ. ಹದಿನಾಲ್ಕನೇ ವಯಸ್ಸಿಗೆ ಊದುಬತ್ತಿ ಹೊಸೆಯಲು ಕೂತವಳು, ಮೂವತ್ತಕ್ಕೆಲ್ಲ ಅದೇ ಕಾರ್ಖಾನೆಯಲ್ಲಿ ಪರಿಮಳ ಬೆರೆಸುವವಳಾಗಿದ್ದಳು. ಮುನ್ನೂರು ವಾಸನೆಗಳನ್ನು ಕಣ್ಣು ಮುಚ್ಚಿ ಹೆಸರಿಟ್ಟು ಕರೆಯಬಲ್ಲವಳು. ಡಾಕ್ಟರ್ ಲೀನಾ ಪಿಂಟೊ ಮಂಗಳೂರಿನಿಂದ ಬಂದು, ಮೈಸೂರಿನ ಈ ಹಳೆಯ ಛತ್ರದಲ್ಲಿ ಮನೆಯಿಲ್ಲದವರ ಕುಡಿತ ಬಿಡಿಸುವ ಪ್ರಯೋಗ ಶುರುಮಾಡಿದಾಗ ಅವರಿಗೆ ಬೇಕಾದದ್ದು ಇಂಥದೇ ಮೂಗು.

ಪ್ರಯೋಗ ಇಷ್ಟೇ. ಕುಡಿಯುವ ಆಸೆ ಅಲೆಯ ಹಾಗೆ ಏರುತ್ತದೆ, ಇಪ್ಪತ್ತು ನಿಮಿಷ ತಡೆದರೆ ತಾನೇ ಇಳಿಯುತ್ತದೆ. ಕೈಗೆ ಕಟ್ಟಿದ ಒಂದು ಪಟ್ಟಿ ನಾಡಿಯನ್ನೂ ಬೆವರನ್ನೂ ಓದಿ, ಆಸೆ ಏರುತ್ತಿದೆಯೆಂದು ಕಟ್ಟಿಕೊಂಡವನಿಗೇ ತಿಳಿಯುವ ಮೊದಲು ತಿಳಿದುಕೊಳ್ಳುತ್ತಿತ್ತು. ಆಗ ಕೊರಳಲ್ಲಿದ್ದ ಹುಣಿಸೆ ಬೀಜದಷ್ಟು ದಪ್ಪದ ಮಣಿ ಬಾಯಿ ಬಿಟ್ಟು ಒಂದು ವಾಸನೆ ಹೊರಬಿಡುತ್ತಿತ್ತು. ಕಣ್ಣು ಕಿವಿಗಳ ಸುದ್ದಿ ಸುತ್ತಿ ಬಳಸಿ ಮೆದುಳಿಗೆ ಹೋಗುತ್ತದೆ, ಮೂಗಿನ ಸುದ್ದಿ ಮಾತ್ರ ನೆಟ್ಟಗೆ ನೆನಪಿನ ಕೋಣೆಗೇ ನುಗ್ಗುತ್ತದೆ ಎನ್ನುತ್ತಿದ್ದರು ಲೀನಾ. ಮನುಷ್ಯ ಕುಡಿಯದೆ ನೆಮ್ಮದಿಯಾಗಿದ್ದ ಕಾಲದ ವಾಸನೆ ಸಿಕ್ಕಿದರೆ ಆ ಇಪ್ಪತ್ತು ನಿಮಿಷ ದಾಟುತ್ತದೆ. ಮಾತ್ರೆ, ಊಟ, ಆಪ್ತ ಸಲಹೆ ಎಲ್ಲವೂ ಜೊತೆಗಿದ್ದವು. ಆದರೆ ಮಣಿ ಬಂದ ಮೇಲೆ ಮೂವತ್ತು ಹಾಸಿಗೆಗಳಲ್ಲಿ ಹತ್ತೊಂಬತ್ತು ಜನ ಕುಡಿತ ಬಿಟ್ಟಿದ್ದರು.

ಒಂದು ಷರತ್ತಿತ್ತು. ಕುಡಿತದಿಂದ ನೆನಪು ಹಾಳಾಗಿರುತ್ತದೆ, ಒಂದರಲ್ಲೊಂದು ಕಲಸಿಹೋಗಿರುತ್ತದೆ. ಹಾಗಾಗಿ ಆ ಕಾಲದಲ್ಲಿ ಜೊತೆಗಿದ್ದ ಮನೆಯವರೊಬ್ಬರು ಸಾಕ್ಷಿಯಾಗಿ ಬರಬೇಕಿತ್ತು. ಇಬ್ಬರ ತಲೆಗೂ ತಂತಿ ಟೋಪಿ ಹಾಕಿ, ಒಂದೇ ವಾಸನೆ ಹಿಡಿದು, ಪರದೆಯ ಮೇಲೆ ಎರಡು ಗೆರೆ ಒಂದೇ ಥರ ಎದ್ದರೆ ವಾಸನೆ ಖಾತ್ರಿ. ಸಾಕ್ಷಿ ಇಲ್ಲದವರಿಗೆ ಅಂದಾಜಿನ ಮೇಲೆ ಎರಡು ಸಲ ಮಣಿ ತುಂಬುತ್ತಿದ್ದರು. ಮೂರನೇ ಸಲಕ್ಕೆ ಸಾಕ್ಷಿ ಬೇಕೇ ಬೇಕು, ಇಲ್ಲವಾದರೆ ಹಾಸಿಗೆ ಸರದಿಯಲ್ಲಿ ಕಾಯುತ್ತಿರುವ ಮುಂದಿನವರಿಗೆ.

ಬೆಟ್ಟಸ್ವಾಮಿಗೆ ಸಿಕ್ಕಿದ್ದು ಹದಿನಾಲ್ಕನೇ ಹಾಸಿಗೆ. ಅವನ ರಕ್ತದ ವರದಿ ನೋಡಿ ಲೀನಾ ಮುಖ ಸಣ್ಣದು ಮಾಡಿದರು. "ಲಿವರ್ ಅರ್ಧಕ್ಕರ್ಧ ಹೋಗಿದೆ. ವಾಪಸ್ ಬಸ್‌ಸ್ಟ್ಯಾಂಡಿಗೆ ಹೋದರೆ ಈ ಮನುಷ್ಯ ಒಂದು ವರ್ಷ ಬದುಕುವುದಿಲ್ಲ" ಎಂದರು. ದೇವೀರಮ್ಮ ತಲೆ ಬಗ್ಗಿಸಿಕೊಂಡು ಪುಸ್ತಕದಲ್ಲಿ ಏನೋ ಗೀಚಿದಳು.

ಮಾರನೇ ದಿನ ಅವನನ್ನು ಮೇಲಿನ ಪ್ರಯೋಗಶಾಲೆಗೆ ಕರೆಸಿದರು. ವಾಸನೆ ಕೇಳಿ ಬರೆದುಕೊಳ್ಳುವುದು ದೇವೀರಮ್ಮನ ಕೆಲಸ, ತಪ್ಪಿಸಿಕೊಳ್ಳುವಂತಿರಲಿಲ್ಲ. ಅವನು ಬಾಗಿಲಲ್ಲೇ ಅವಳನ್ನು ಗುರುತಿಸಿದ. ಹಣೆ ನೋಡಿದ, ಬೋಳು ಕೊರಳು ನೋಡಿದ, ಆಮೇಲೆ ನೆಲ ನೋಡಿದ.

"ಕುಡಿಯದೆ ಇದ್ದ ದಿನಗಳಲ್ಲಿ ನಿಮಗೆ ಬಹಳ ಹಿಡಿಸಿದ ವಾಸನೆ ಯಾವುದು?" ಲೀನಾ ಕೇಳಿದರು.

"ಮೊದಲ್ನೇ ಮಳೆ ಬಿದ್ದಾಗ ಹೊಲದ್ ಮಣ್ಣಿನ್ ವಾಸ್ನೆ, ಮೇಡಮ್ಮೋರೆ."

"ಮನೆಯವರು ಯಾರಾದರೂ ಇದ್ದಾರಾ, ಸಾಕ್ಷಿಗೆ?"

"ಯಾರೂ ಇಲ್ಲ. ಒಬ್ಬೊಂಟಿ."

ಹೊಲವಂತೆ, ಮಳೆಯಂತೆ. ಮಂಡಿ ಮೊಹಲ್ಲಾದ ಓಣಿಯಲ್ಲಿ ಹುಟ್ಟಿ ಗೋಡೆಗೆ ಬಣ್ಣ ಬಳಿದುಕೊಂಡು ಬೆಳೆದ ಮನುಷ್ಯ, ಹೂವಿನ ಕುಂಡದ ಮಣ್ಣು ಬಿಟ್ಟರೆ ಬೇರೆ ಮಣ್ಣು ಮುಟ್ಟಿದವನಲ್ಲ. ಬಂದವರಲ್ಲಿ ಹತ್ತಕ್ಕೆ ಏಳು ಜನ ಹೇಳುವುದು ಆ ಮಳೆಯ ಮಣ್ಣನ್ನೇ, ಅದಕ್ಕಾಗಿ ದೇವೀರಮ್ಮ ಒಂದು ದೊಡ್ಡ ಸೀಸೆಯನ್ನೇ ಬೆರೆಸಿಟ್ಟಿದ್ದಳು. ಅವನು ತನ್ನನ್ನು ಕಾಪಾಡಲು ಸುಳ್ಳು ಹೇಳುತ್ತಿದ್ದಾನೆಂದು ಅವಳಿಗೆ ಗೊತ್ತಾಯಿತು. ಗೊತ್ತಾಗಿ ಎದೆ ಹಗುರವಾಯಿತು, ಹಗುರವಾದದ್ದಕ್ಕೆ ಮುಖಕ್ಕೆ ಬೆಂಕಿ ಹತ್ತಿದ ಹಾಗಾಯಿತು. ಆ ಸೀಸೆಯಿಂದಲೇ ಮಣಿ ತುಂಬಿದಳು.

ಐದನೇ ದಿನ ಅವನು ಕುಡಿದು ಬಂದ. ಒಂದು ಅವಕಾಶ ಮುಗಿಯಿತು.

ಆ ಸಂಜೆ ಮನೆಯಲ್ಲಿ ರೂಪಶ್ರೀ ಕಾಲು ಚಾಚಿಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಏಳು ತಿಂಗಳ ಬಸುರಿ, ಸೀಮಂತ ಮುಗಿಸಿಕೊಂಡು ತವರಿಗೆ ಬಂದಿದ್ದಳು.

"ಅಮ್ಮ, ನಾನು ಹುಟ್ಟಿದಾಗ ನಿಂಗೆ ಬಾಣಂತನ ಯಾರು ಮಾಡಿದ್ದು? ಅಜ್ಜಿ ಆಗ್ಲೇ ಹೋಗಿದ್ರಲ್ವಾ?"

"ಒಬ್ರು ದೊಡ್ಡಮ್ಮ ಬಂದಿದ್ರು."

"ಅಪ್ಪ?"

"ನಿಮ್ಮಪ್ಪ ಎಲ್ಲಿ. ಕುಡ್ದು ಬಿದ್ದಿದ್ರು ಎಲ್ಲೋ."

ಇದೂ ಹಳೆಯ ಸುಳ್ಳೇ. ಇಷ್ಟು ವರ್ಷ ಹೇಳಿ ಹೇಳಿ ನುಣುಪಾಗಿದ್ದ ಮಾತನ್ನಾಡಿ ದೇವೀರಮ್ಮ ಅವರೆ ಸಿಪ್ಪೆ ಬಾಚತೊಡಗಿದಳು. ಮಗಳು ಕಾಯಿ ಸುಲಿಯುತ್ತಲೇ ಇದ್ದಳು.

ಮಾರನೇ ದಿನ ದೇವೀರಮ್ಮ ಒಂದು ಉಪಾಯ ಮಾಡಿದಳು. ಯಾರಿಗೂ ಹೇಳದೆ ಗಂಡನ ಮಣಿಗೆ ಸರಿಯಾದ ವಾಸನೆ ತುಂಬಿಬಿಡುವುದು. ಹಾಸಿಗೆಯೂ ಉಳಿಯಿತು, ಮಾನವೂ ಉಳಿಯಿತು. ಮದುವೆಯಾದ ಹೊಸತರಲ್ಲಿ ತಿಲಕ್‌ನಗರದಲ್ಲಿ ಒಂದೇ ಕೋಣೆಯ ಮನೆ ಮಾಡಿದ್ದರು. ಅವನೇ ಬಳಿದ ಹಸಿ ಸುಣ್ಣ, ಎಣ್ಣೆ ಬಣ್ಣದ ಘಾಟು, ಸೀಮೆಎಣ್ಣೆ ಸ್ಟವ್, ಅವಳ ಜಡೆಯ ಮಲ್ಲಿಗೆ. ತನ್ನ ಬಾಳಿನಲ್ಲಿ ಸುಖವೆಂಬುದು ಇದ್ದದ್ದು ಆ ವರ್ಷವೇ ಎಂದು ಅವಳ ಎಣಿಕೆ. ಮೂರು ದಿನ ಬೆರೆಸಿದಳು. ಬೆರೆಸುವಾಗ ಅವಳ ಕಣ್ಣಲ್ಲೇ ನೀರು ಬಂತು, ಅಷ್ಟು ಚೆನ್ನಾಗಿ ಕುದುರಿತ್ತು. ಲೆಕ್ಕಕ್ಕೆ 'ಮಳೆ ಮಣ್ಣು, ಎರಡನೇ ಸಲ' ಎಂದು ಬರೆದು, ಮಣಿಯಲ್ಲಿ ಇದನ್ನು ತುಂಬಿದಳು.

ಎರಡು ದಿನ ಕಳೆದು, ಮಧ್ಯಾಹ್ನ ಮೂರರ ಹೊತ್ತಿಗೆ ಅವನ ಮಣಿ ಬಾಯಿ ಬಿಟ್ಟಿತು. ಮೇಲೆ ಪರದೆಯ ಮುಂದೆ ಕೂತಿದ್ದ ಲೀನಾ, "ಇದೇನಿದು, ಇಳಿಯುವುದು ಬಿಟ್ಟು ಇನ್ನೂ ಏರ್ತಾ ಇದೆ" ಎಂದರು. ಬೆಟ್ಟಸ್ವಾಮಿ ಊಟದ ತಟ್ಟೆ ಅಲ್ಲೇ ಬಿಟ್ಟು ಎದ್ದು, ಗೇಟು ದಾಟಿ, ಬ್ರಾಂದಿ ಅಂಗಡಿಗೆ ನಡೆದುಹೋಗಿದ್ದ. ಸಂಜೆ ಯಾರೋ ಆಟೋದಲ್ಲಿ ಹಾಕಿಕೊಂಡು ಬಂದರು. ರಸ್ತೆ ವಿಭಜಕಕ್ಕೆ ಬಡಿದು ಹಣೆ ಒಡೆದಿತ್ತು, ಆರು ಹೊಲಿಗೆ ಬಿತ್ತು.

ಎಣ್ಣೆ ಬಣ್ಣ. ಆಗ ಹೊಳೆಯಿತು ಅವಳಿಗೆ. ದಿನವಿಡೀ ಬಣ್ಣ ಬಳಿದು, ಸಂಜೆ ಕೈ ತೊಳೆದುಕೊಂಡು, ಮೇಸ್ತ್ರಿ ಜೊತೆ ನೆಟ್ಟಗೆ ಅಂಗಡಿಗೆ ಹೋಗುತ್ತಿದ್ದ ಕಾಲ ಅದು. ಅವಳಿಗೆ ಸುಖದ ವಾಸನೆಯಾದದ್ದು ಅವನಿಗೆ ಕುಡಿತಕ್ಕೆ ಹೊತ್ತಾಯಿತೆಂಬ ಕರೆ. ಮುನ್ನೂರು ವಾಸನೆ ಬಲ್ಲ ಹೆಂಗಸು ತನ್ನ ನೆನಪನ್ನೇ ಅವನ ಮೂಗಿಗೆ ತುರುಕಿದ್ದಳು. ಅದಕ್ಕಿಂತ ದೊಡ್ಡ ತಪ್ಪೆಂದರೆ ಆಗಲೂ ಬಾಯಿ ಬಿಡಲಿಲ್ಲ. ಲೀನಾ ವರದಿಯಲ್ಲಿ 'ವಾಸನೆ ಚಿಕಿತ್ಸೆಗೆ ಸ್ಪಂದಿಸದ ರೋಗಿ' ಎಂದು ಬರೆಯುತ್ತಿದ್ದರೆ ಪಕ್ಕದಲ್ಲೇ ನಿಂತು ನೋಡಿದಳು.

"ಬರುವ ವಾರದ ಶುಕ್ರವಾರದೊಳಗೆ ಸಾಕ್ಷಿ ಸಿಗದಿದ್ದರೆ ಕಳಿಸಬೇಕಾಗ್ತದೆ" ಎಂದರು ಲೀನಾ. "ನನಗೂ ಸಂಕಟವೇ. ಆದರೆ ಹೊರಗೆ ನಲವತ್ತು ಜನ ಕಾಯ್ತಾ ಇದ್ದಾರೆ."

ಬುಧವಾರ ಮಧ್ಯಾಹ್ನ ಛತ್ರದ ಹಿಂದಿನ ಕಲ್ಲುಕಟ್ಟೆಯ ಮೇಲೆ ಅವನು ಒಬ್ಬನೇ ಬಿಸಿಲು ಕಾಯಿಸುತ್ತ ಕೂತಿದ್ದ. ದೇವೀರಮ್ಮ ಹೋಗಿ ಎದುರಿಗೆ ನಿಂತಳು.

"ನೋಯ್ತದಾ?"

"ಇಲ್ಲ ಬುಡು. ಮಣೀಲಿ ತಿಲಕ್‌ನಗರದ ಮನೆ ತುಂಬಿದ್ದೋಳು ನೀನೇ ತಾನೆ. ಮೂಗಿಗೆ ಬಡ್ದೇಟ್ಗೆ ಗೊತ್ತಾಯ್ತು. ಕೈ ಚಳಕ ಹಂಗೇ ಅದೆ ನಿಂದು."

ಅವಳು ಕಟ್ಟೆಯ ಈ ತುದಿಯಲ್ಲಿ ಕೂತಳು.

"ನೀನು ಹೆದರ್ಕೋಬ್ಯಾಡ ಕಣಮ್ಮಿ. ನಾನು ಯಾರ್ಗೂ ಹೇಳಾಕಿಲ್ಲ. ಹೋದೊರ್ಸ ಅಮಾಸೆ ದಿನ ಬಂದಿದ್ದೆ ಮನೆ ತಾವ. ಕಿಟಕೀಲಿ ನೋಡ್ದೆ. ಎಡೆ ಇಟ್ಟಿದ್ರಿ. ಮಗು ನನ್ ಫೋಟೋಗೆ ಕೈ ಮುಗೀತಿತ್ತು. ಸತ್ತೋನಾಗಿ ಒಳ್ಳೆ ಹೆಸ್ರು ತಕಂಡಿವ್ನಿ, ಬದ್ಕಿ ಯಾಕ್ ಕೆಡಿಸ್ಲಿ ಅಂತ ಹಂಗೇ ಬಂದ್ಬುಟ್ಟೆ."

ದೇವೀರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಕೇಳಿದಳು. "ನಿಮ್ಗೆ ಹಿಡಿಸೋ ವಾಸ್ನೆ ಯಾವ್ದು? ದಿಟ ಹೇಳಿ."

"ಗೊತ್ತದೆ. ಹೇಳಂಗಿಲ್ಲ. ಮಗೀನ ತಲೆ ಮುಟ್ಟಿಸಿ ನೀನೇ ಆಣೆ ಹಾಕಿಸ್ಕಂಡಿದ್ದೆ."

ಆಗ ಅವಳಿಗೆ ಎಲ್ಲ ನೆನಪಾಯಿತು. ನೆನಪಾಯಿತೆನ್ನುವುದೂ ಸುಳ್ಳು. ಅದನ್ನು ಯಾವತ್ತೂ ಮರೆತಿರಲಿಲ್ಲ, ನಾಚಿಕೆಯಿಂದ ಮೇಲೆ ಚಾಪೆ ಹಾಸಿ ಮುಚ್ಚಿಟ್ಟಿದ್ದಳು, ಅಷ್ಟೇ.

ರೂಪಶ್ರೀ ಹುಟ್ಟಿದಾಗ ತಾಯಿ ಇರಲಿಲ್ಲ, ಅತ್ತೆ ಇರಲಿಲ್ಲ. ಬಾಣಂತನ ಮಾಡಿದವನು ಬೆಟ್ಟಸ್ವಾಮಿ. ಕೆಲಸ ಬಿಟ್ಟು ಮನೆಯಲ್ಲಿ ಕೂತ. ಬಚ್ಚಲಿನಲ್ಲಿ ಎರಡೂ ಕಾಲು ಚಾಚಿ, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು, ಹರಳೆಣ್ಣೆ ತಿಕ್ಕಿ, ಕಡಲೆಹಿಟ್ಟು ಹಚ್ಚಿ ಬಿಸಿನೀರು ಎರೆಯುತ್ತಿದ್ದ. ಬಜೆ ತೇಯುತ್ತಿದ್ದ. ಕೆಂಡಕ್ಕೆ ಸಾಂಬ್ರಾಣಿ ಉದುರಿಸಿ ಬುಟ್ಟಿ ಕವುಚಿ, ಅದರ ಮೇಲೆ ಮಗುವಿನ ಕೂದಲು ಹರಡಿ ಹೊಗೆ ಹಾಕಿ ಆರಿಸುತ್ತಿದ್ದ. ಗಂಡಸರು ಮಾಡುವ ಕೆಲಸವಲ್ಲ. ಐದು ತಿಂಗಳು ಒಂದು ತೊಟ್ಟು ಮುಟ್ಟಲಿಲ್ಲ. ನಲ್ಲಿ ಹತ್ತಿರ ಹೆಂಗಸರು ಅವನಿಗೆ 'ಗಂಡು ಸೂಲಗಿತ್ತಿ' ಎಂದು ಹೆಸರಿಟ್ಟು ನಕ್ಕರು. ಆ ನಗು ಅವಳಿಗೆ ತಡೆಯಲಾಗಲಿಲ್ಲ. ಒಂದು ದಿನ ಅತ್ತು ಕರೆದು ರಂಪ ಮಾಡಿ, ಇದನ್ನು ಸಾಯುವವರೆಗೂ ಯಾರ ಮುಂದೂ ಹೇಳಬಾರದೆಂದು ಆಣೆ ಹಾಕಿಸಿ, ಅವನನ್ನು ಬಣ್ಣದ ಕೆಲಸಕ್ಕೆ ಅಟ್ಟಿದಳು. ಕೇಳಿದವರಿಗೆ ದೊಡ್ಡಮ್ಮ ಬಂದಿದ್ದರೆಂದಳು. ತಿಂಗಳೊಳಗೆ ಅವನು ಮತ್ತೆ ಕುಡಿಯತೊಡಗಿದ.

ಸಂಜೆ ಮನೆಗೆ ಹೋಗುವಾಗಲೂ ಅವಳ ಮನಸ್ಸು ಕಳ್ಳದಾರಿಯನ್ನೇ ಹುಡುಕುತ್ತಿತ್ತು. ಹಳೆಯ ಕಾರ್ಖಾನೆಯ ಗೆಳತಿಯೊಬ್ಬಳನ್ನು ಅವನ ತಂಗಿಯೆಂದು ಕರೆದುಕೊಂಡು ಬಂದು ಕುರ್ಚಿಯಲ್ಲಿ ಕೂರಿಸಿದರೆ ಹೇಗೆ ಎಂದು ಫೋನನ್ನೂ ಕೈಗೆತ್ತಿಕೊಂಡಿದ್ದಳು. ಆದರೆ ಆ ತಂತಿ ಟೋಪಿಗೆ ಹೆಸರು ಬೇಕಿಲ್ಲ, ಆ ಬಚ್ಚಲ ಮನೆಯ ಹೊಗೆ ಕುಡಿದ ತಲೆ ಬೇಕು. ಅಂಥ ತಲೆ ಭೂಮಿಯ ಮೇಲೆ ಇದ್ದದ್ದು ಎರಡೇ. ಫೋನು ಕೆಳಗಿಟ್ಟಳು.

ಗುರುವಾರ ಬೆಳಿಗ್ಗೆ ಅವಳು ಸಾಕ್ಷಿಯ ಕುರ್ಚಿಯಲ್ಲಿ ತಾನೇ ಹೋಗಿ ಕೂತಳು. ಲೀನಾಗೆ ಅರ್ಥವಾಗಲಿಲ್ಲ.

"ಕುರ್ಚಿ ಕೆಟ್ಟಿದೆಯಾ ದೇವೀರಮ್ಮ?"

"ಇಲ್ಲ ಮೇಡಂ. ಹದಿನಾಲ್ಕನೇ ಹಾಸಿಗೆಗೆ ಸಾಕ್ಷಿ ನಾನು. ಅವರ ಹೆಂಡ್ತಿ."

ಲೀನಾ ಅವಳ ಅರ್ಜಿಯಲ್ಲಿ 'ವಿಧವೆ' ಎಂದಿದ್ದನ್ನು ಬಲ್ಲವರು. ಬೆಟ್ಟಸ್ವಾಮಿಯ ಕಡೆ ತಿರುಗಿದರು. ಅವನು ತಲೆಯಾಡಿಸಿದ. "ಈ ಮೇಡಮ್ಮೋರ್ಗೆ ನನ್ ಮ್ಯಾಲೆ ಕರುಣೆ. ಸುಳ್ಳ್ ಹೇಳ್ತಾವ್ರೆ. ನಂಗೆ ಹೆಂಡ್ತಿ ಇಲ್ಲ."

"ಸುಮ್ಕಿರಿ" ಎಂದಳು ದೇವೀರಮ್ಮ. "ಸಾಕು, ನನಗೋಸ್ಕರ ಹೇಳಿದ್ದು. ಆಣೆ ನಾನೇ ವಾಪಸ್ ತಗೊಂಡಿದೀನಿ." ಆಮೇಲೆ ಲೀನಾಗೆ ಎಲ್ಲವನ್ನೂ ಹೇಳಿದಳು. ಸಾಯಿಸಿದ ಸುಳ್ಳು, ಬಾಣಂತನ, ಕದ್ದು ತುಂಬಿದ ತಿಲಕ್‌ನಗರದ ಮನೆ. ಹಣೆಯ ಹೊಲಿಗೆ ಯಾರ ಕೆಲಸ ಎಂಬುದನ್ನೂ ಬಿಡಲಿಲ್ಲ. ಹೇಳುವಾಗ ಅವನ ಮುಖ ನೋಡಲು ಆಗಲಿಲ್ಲ, ಗೋಡೆ ನೋಡಿಕೊಂಡು ಹೇಳಿದಳು.

ಲೀನಾ ವರದಿ ತೆಗೆದು, ತಾವು ಬರೆದಿದ್ದ ಸಾಲನ್ನು ಹೊಡೆದುಹಾಕಿದರು. "ನೀವು ಈ ಮನುಷ್ಯನನ್ನು ಕೊಲ್ಲುತ್ತಿದ್ದಿರಿ, ಗೊತ್ತಾ?"

"ಗೊತ್ತು."

"ನಾಳೆಯಿಂದ ನೀವು ಪ್ರಯೋಗಶಾಲೆಗೆ ಬರಬೇಡಿ. ಇವತ್ತು ಬೆರೆಸಿ ಕೊಡಿ."

ಬಜೆ, ಹರಳೆಣ್ಣೆ, ಹಸಿ ಕಡಲೆಹಿಟ್ಟು, ಸಾಂಬ್ರಾಣಿ, ಒದ್ದೆ ಕಲ್ಲು, ಇದ್ದಲ ಕೆಂಡ. ಒಂದು ಗಂಟೆಯೂ ಹಿಡಿಯಲಿಲ್ಲ. ಇಬ್ಬರೂ ಟೋಪಿ ಹಾಕಿಕೊಂಡು ಕೂತರು. ಲೀನಾ ಸೀಸೆಯ ಮುಚ್ಚಳ ತೆಗೆದರು. ಬೆಟ್ಟಸ್ವಾಮಿ ಒಮ್ಮೆ ಉಸಿರೆಳೆದುಕೊಂಡ, ಅವನಿಗೇ ತಿಳಿಯದೆ ಅವನ ಎರಡೂ ಕಾಲು ಮುಂದಕ್ಕೆ ಚಾಚಿಕೊಂಡವು. ಪರದೆಯ ಮೇಲೆ ಎರಡು ಗೆರೆ ಒಟ್ಟಿಗೆ ಎದ್ದು ಒಟ್ಟಿಗೆ ಇಳಿದವು. ಹಾಸಿಗೆ ಉಳಿಯಿತು.

"ಮಗೀಗೆ ಹೇಳ್ಬ್ಯಾಡ" ಎಂದ ಅವನು, ಮೆಟ್ಟಿಲಿಳಿಯುವಾಗ.

ಮೂರು ದಿನ ಹೇಳಲಾಗಲಿಲ್ಲ. ಭಾನುವಾರ ಊಟವಾದ ಮೇಲೆ, ಮಗಳ ಊದಿದ ಪಾದಕ್ಕೆ ಎಣ್ಣೆ ಹಚ್ಚುತ್ತ, ತಲೆಯೆತ್ತದೆ ಹೇಳಿದಳು. "ನಿಂಗೆ ನೀರೆರೆದು ಸಾಕಿದ್ದು ದೊಡ್ಡಮ್ಮ ಅಲ್ಲ. ನಿಮ್ಮಪ್ಪ. ಅವರು ಸತ್ತಿಲ್ಲ. ನಾನು ಸುಳ್ಳು ಹೇಳ್ದೆ."

ರೂಪಶ್ರೀ ಕಾಲು ಹಿಂದಕ್ಕೆಳೆದುಕೊಂಡಳು. ಮೊದಲು ಎಲ್ಲಿದ್ದಾರೆ ಎಂದು ಕೇಳಿದಳು. ಆಮೇಲೆ ಎಷ್ಟು ದಿನದಿಂದ ಗೊತ್ತು ಎಂದಳು. ದೇವೀರಮ್ಮ ಒಂದನ್ನೂ ಮುಚ್ಚಿಡದೆ ಹೇಳಿದಳು.

"ಅಪ್ಪಂಗೆ ಗೊತ್ತಾ, ನಾವು ಅವರಿಗೆ ಎಡೆ ಇಡೋದು?"

"ಗೊತ್ತು. ಕಿಟಕೀಲಿ ನಿಂತು ನೋಡಿದಾರೆ."

ಮಗಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗೋಡೆ ಹಿಡಿದುಕೊಂಡು ಎದ್ದು, ಸೀರೆ ಸರಿಮಾಡಿಕೊಂಡು, ಆಟೋ ಕರೆಸಿದಳು. "ನೀನು ಒಳಗೆ ಬರಬೇಡ" ಎಂದಷ್ಟೇ ಹೇಳಿದಳು.

ಅದಕ್ಕೇ ದೇವೀರಮ್ಮ ತಂಗುದಾಣದ ಹೊರಜಗಲಿಯಲ್ಲಿ ಕೂತಿದ್ದಳು. ಒಳಗಿನಿಂದ ಮಗಳ ದನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಅವನ ದನಿ ಕೇಳಲೇ ಇಲ್ಲ. ಸ್ವಲ್ಪ ಹೊತ್ತಿಗೆ ಲೀನಾ ಕೈಯಲ್ಲೊಂದು ಸಣ್ಣ ಪರದೆ ಹಿಡಿದುಕೊಂಡು ಅವಸರವಾಗಿ ಇಳಿದುಬಂದರು.

"ಅವರ ಗೆರೆ ತುಂಬಾ ಮೇಲೆ ಹೋಗ್ತಾ ಇದೆ. ಇಷ್ಟು ಎತ್ತರ ಯಾವತ್ತೂ ಹೋಗಿರಲಿಲ್ಲ. ಇನ್ನೇನು ಮಣಿ ಬಾಯಿ ಬಿಡ್ತದೆ."

"ತಡೀರಿ ಮೇಡಂ. ಅದು ಕುಡಿಯೋ ಆಸೆ ಅಲ್ಲ."

"ಮತ್ತೆ?"

"ಮಗಳ ಮುಂದೆ ಕೂತಿದಾರೆ. ನಾಚಿಕೆ ಅದು. ನಿಮ್ಮ ಪಟ್ಟಿಗೆ ವ್ಯತ್ಯಾಸ ತಿಳೀತಿಲ್ಲ."

ಲೀನಾ ಹುಬ್ಬು ಗಂಟಿಕ್ಕಿದರು. ಒಂದು ಗುಂಡಿ ಒತ್ತಿ ಮಣಿಯನ್ನು ತಡೆದರು. ಏನೋ ಯೋಚಿಸಿ, ಕೋಟಿನ ಜೇಬಿನಿಂದ ಇನ್ನೊಂದು ಪಟ್ಟಿ ತೆಗೆದು, "ನೀವು ಯಾವತ್ತಾದರೂ ಕುಡಿದಿದ್ದೀರಾ?" ಎಂದು ಕೇಳಿದರು.

"ಹುಟ್ಟಿದಾಗಿಂದ ಒಂದು ತೊಟ್ಟೂ ಇಲ್ಲ."

ಲೀನಾ ಆ ಪಟ್ಟಿಯನ್ನು ಅವಳ ಕೈಗೆ ಕಟ್ಟಿದರು. ಪರದೆಯ ಮೇಲೆ ಬೆಟ್ಟಸ್ವಾಮಿಯ ಗೆರೆಯ ಪಕ್ಕದಲ್ಲಿ ಎರಡನೇ ಗೆರೆ ಮೂಡಿತು. ಅದು ನೋಡನೋಡುತ್ತ ಏರಿ, ಅವನ ಗೆರೆಯನ್ನು ಮುಟ್ಟಿ, ಅದರ ಜೊತೆಗೇ ನಿಂತುಬಿಟ್ಟಿತು. ಲೀನಾ ಇಪ್ಪತ್ತು ನಿಮಿಷ ಗಡಿಯಾರ ನೋಡಿದರು. ಗೆರೆ ಒಂದು ಕೂದಲೆಳೆಯಷ್ಟೂ ತಗ್ಗಲಿಲ್ಲ.

"ಇದು ಇಳಿಯೋದಕ್ಕೆ ಎಷ್ಟು ಹೊತ್ತು ಬೇಕು ದೇವೀರಮ್ಮ?"

"ಹನ್ನೊಂದು ವರ್ಷದಿಂದ ಇಳಿದಿಲ್ಲ ಮೇಡಂ."